ಗುಜರಿಗೆ ಹಾಕೋ ಮುಂಚೆ ಆ ಕಂಪ್ಯೂಟರ್ ಒಂದ್ಸಲ ಬಿಚ್ಚಿ ನೋಡ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಗಂಗಾವತಿಯಾಗ ಹದಿನೆಂಟು ವರ್ಷದಿಂದ ಸಣ್ಣದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಕೊಂಡೀನಿ, ಪತ್ರ ಬರದು ರೂಢಿ ಇಲ್ಲ, ತಪ್ಪಿದ್ರ ತಿದ್ದಿಕೊಂಡು ಓದ್ರಿ. ಹೋದ ಬೇಸಿಗಿಯಾಗ ಇಲ್ಲೇ ಹತ್ತಿರದ ಹಳ್ಳಿ ಹೈಸ್ಕೂಲಿಗೆ ಪ್ರಿಂಟರ್ ನೋಡಾಕ ಹೋಗಿದ್ದೆ, ಸ್ಟೋರ್ ರೂಮಿನಾಗ ಮುರಿದ ಬೆಂಚಿನ ಹಿಂದ ಹಳೇ ಬೆಡ್‌ಶೀಟ್ ಹೊಚ್ಚಿ ಹನ್ನೊಂದು ಕಂಪ್ಯೂಟರ್ ಇಟ್ಟಿದ್ರು. ಏನಾಗೇತ್ರಿ ಮೇಡಂ ಇವಕ್ಕ ಅಂತ ಕೇಳಿದ್ರ ಹೆಡ್ ಮೇಡಂ ಹೇಳಿದ್ರು, ಏನೂ ಆಗಿಲ್ರಿ, ಆನ್ ಆಗ್ತಾವ, ಆದ್ರ ಇವಕ್ಕ ಇನ್ನ ಅಪ್ಡೇಟ್ ಬರಂಗಿಲ್ಲಂತ, ಹೊಸ ವಿಂಡೋಸ್ ಹತ್ತಂಗಿಲ್ಲಂತ, ಅದಕ್ಕ ಹರಾಜಿಗೆ ಬರೆದೀವಿ ಅಂತ. ಅದೇ ಸಾಲಿ ಹುಡುಗರು ಪಕ್ಕದ ರೂಮಿನಾಗ ಬೋರ್ಡ್ ಮ್ಯಾಲ ಕೀಬೋರ್ಡಿನ ಚಿತ್ರ ನೋಡಿಕೊಂಡು ಕಂಪ್ಯೂಟರ್ ಪಾಠ ಕೇಳಾಕತ್ತಿದ್ರು. ನನಗ ಅವತ್ತು ರಾತ್ರಿ ಊಟ ಸೇರಲಿಲ್ಲ ಅಂದ್ರ ನಂಬ್ರಿ.

ಮೇಡಂದು ತಪ್ಪಿಲ್ಲ, ಅವರಿಗೆ ಯಾರೋ ಅರ್ಧ ಮಾತು ಹೇಳ್ಯಾರ. ಪೂರ್ತಿ ಮಾತು ಏನು ಅಂದ್ರ, ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ ಸೆಕ್ಯುರಿಟಿ ಸಪೋರ್ಟ್ ಮುಗೀತು, ವಿಂಡೋಸ್ 7ಕ್ಕ ಅಂತೂ 2020ರ ಜನವರಿಯಾಗೇ ಮುಗಿದೈತಿ. ಸಪೋರ್ಟ್ ಮುಗೀತು ಅಂದ್ರ ಮಷಿನ್ ಕೆಟ್ಟು ನಿಂತು ಅಂತ ಅಲ್ಲ. ನಮ್ ರೈಸ್ ಮಿಲ್ಲಿನ ರಾತ್ರಿ ವಾಚ್‌ಮನ್ ಕೆಲಸ ಬಿಟ್ಟು ಹೋದಂಗ ಅದು, ಮಿಲ್ಲು ಬೆಳಿಗ್ಗೆ ಎಂದಿನಂಗ ನಡೀತೈತಿ, ಭತ್ತ ಬರ್ತೈತಿ ಅಕ್ಕಿ ಹೋಗ್ತೈತಿ, ಆದ್ರ ರಾತ್ರಿ ಕಾಂಪೌಂಡಿನಾಗ ಎಲ್ಲೆರ ತೂತು ಬಿತ್ತು ಅಂದ್ರ ನೋಡಿ ಮುಚ್ಚೋರು ಯಾರೂ ಇಲ್ಲ. ಸಾಫ್ಟ್‌ವೇರಿನಾಗ ಹೊಸ ಹೊಸ ತೂತು ಪ್ರತಿ ತಿಂಗಳು ಸಿಗ್ತಿರ್ತಾವ, ಕಂಪನಿ ಅವನ್ನ ಮುಚ್ಚಿ ಅಪ್ಡೇಟ್ ಕಳಸ್ತೈತಿ, ಸಪೋರ್ಟ್ ಮುಗಿದ ಮ್ಯಾಲ ಕಳಸೋದು ನಿಲ್ಲಿಸ್ತೈತಿ, ಕಳ್ಳರು ಮಾತ್ರ ಹುಡುಕೋದು ನಿಲ್ಲಸಂಗಿಲ್ಲ.

ಇದು ಹೆದರಿಸೋ ಮಾತಲ್ಲ. 2017ರ ಮೇ ತಿಂಗಳಾಗ ವಾನಾಕ್ರೈ ಅಂತ ವೈರಸ್ ಬಂತಲ್ರಿ, ಫೈಲ್ ಎಲ್ಲಾ ಲಾಕ್ ಮಾಡಿ ರೊಕ್ಕ ಕೇಳ್ತಿತ್ತು, ಇಂಗ್ಲೆಂಡಿನ ಎಷ್ಟೋ ಸರ್ಕಾರಿ ದವಾಖಾನಿಗಳ ಕೆಲಸ ನಿಂತು ಹೋತು, ನಮ್ ಪಕ್ಕದ ಆಂಧ್ರದಾಗ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರಿಗೂ ಹತ್ತಿತ್ತು. ಆ ತೂತು ಮುಚ್ಚೋ ಅಪ್ಡೇಟ್ ಎರಡು ತಿಂಗಳ ಮುಂಚೆ, ಮಾರ್ಚ್‌ನಾಗೇ ಬಂದಿತ್ತು. ಹಾಕಿಕೊಂಡವರು ಉಳಕೊಂಡ್ರು, ಹಾಕದೇ ಇದ್ದೋರಿಗೆ ಮತ್ತ ಸಪೋರ್ಟ್ ಮುಗಿದ ಹಳೇ ವಿಂಡೋಸ್ ಎಕ್ಸ್‌ಪಿ ಇಟ್ಕೊಂಡೋರಿಗೆ ಕಾಯೋರು ಇರಲಿಲ್ಲ. ಆಮ್ಯಾಲ ಎಕ್ಸ್‌ಪಿಗೂ ಒಂದು ಅಪ್ಡೇಟ್ ಬಿಟ್ರು ಖರೆ, ಅಷ್ಟೊತ್ತಿಗೆ ಆಗೋದೆಲ್ಲ ಆಗಿತ್ತು.

ಹಂಗಾರ ವಿಂಡೋಸ್ 11 ಹಾಕ್ರಿ ಅಂತೀರಿ. ಅದಕ್ಕ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್‌ದಾದ್ರ ಸಾಮಾನ್ಯವಾಗಿ ಎಂಟನೇ ಜನರೇಷನ್ ಮ್ಯಾಲಿನ ಪ್ರೊಸೆಸರ್ ಬೇಕು, 4 ಜಿಬಿ ರ‍್ಯಾಮ್ ಬೇಕು. ನಮ್ ಸಾಲಿಗಳಾಗ, ಪಂಚಾಯ್ತಿ ಲೈಬ್ರರಿಗಳಾಗ, ಝೆರಾಕ್ಸ್ ಅಂಗಡಿಗಳಾಗ ಇರೋವು ಹಳೇ ಪ್ರೊಸೆಸರ್, ಕೋರ್ ಟು ಡ್ಯುಯೋ, ಡ್ಯುಯಲ್ ಕೋರ್, ಭಾಳ ಅಂದ್ರ ಮೂರನೇ ನಾಕನೇ ಜನರೇಷನ್ ಐ3. ಅಡ್ಡದಾರಿ ಹಿಡಿದು ಹಾಕಬಹುದು, ನನ್ನ ಕಡೆ ಹಾಕಿಸಿಕೊಂಡು ಹೋದವರೂ ಅದಾರ, ಆದ್ರ ಅದು ಕಂಪನಿ ಒಪ್ಪಿದ ದಾರಿ ಅಲ್ಲ, ನಾಳೆ ಅಪ್ಡೇಟ್ ಬರ್ತೈತಿ ಅಂತ ಗ್ಯಾರಂಟಿ ಕೊಡೋರಿಲ್ಲ. ವಿಂಡೋಸ್ 10 ಮನಿ ಬಳಕೆಯವರಿಗೆ ಇನ್ನೊಂದು ವರ್ಷದ ಸೆಕ್ಯುರಿಟಿ ಅಪ್ಡೇಟ್ ತಗೊಳ್ಳೋ ಸ್ಕೀಮ್ ಐತಿ, 2026ರ ಅಕ್ಟೋಬರ್ 13ರ ತನಕ, ಅದು ಗೊತ್ತಿಲ್ಲದೋರು ಭಾಳ ಮಂದಿ, ಮನ್ಯಾಗ ಟ್ಯಾಲಿ ಗೀಲಿ ಅಂತ ಲೆಕ್ಕದ ಸಾಫ್ಟ್‌ವೇರ್ ಇದ್ದೋರು ಅದನ್ನಾದ್ರೂ ಸೆಟ್ಟಿಂಗ್ಸಿನಾಗ ಹೋಗಿ ಮೊದಲು ಆನ್ ಮಾಡಿಕೊಳ್ರಿ. ಐನೂರು ರೂಪಾಯಿಗೆ ಕ್ರ್ಯಾಕ್ ವಿಂಡೋಸ್ ಹಾಕಿಕೊಡ್ತಾರಲ್ಲ, ಅದನ್ನ ಮಾತ್ರ ಬ್ಯಾಡ ಅಂತ ಕೈ ಮುಗಿದು ಕೇಳ್ತೀನಿ, ಆ ಕ್ರ್ಯಾಕ್ ಮಾಡೋ ಸಾಫ್ಟ್‌ವೇರಿನಾಗೇ ಪಾಸ್‌ವರ್ಡ್ ಕದಿಯೋ ಪ್ರೋಗ್ರಾಂ ಕುಂತಿದ್ದು ನನ್ನ ಕೈಯಾರೆ ನೋಡೀನಿ.

ಮೇಡಂಗೆ ಹೇಳಿದೆ, ಹರಾಜಿನ ಕಾಗದ ಇನ್ನೊಂದು ತಿಂಗಳು ತಡೀರಿ, ಭಾನುವಾರ ಬಂದು ನೋಡ್ತೀನಿ, ರೊಕ್ಕ ಬ್ಯಾಡ ಅಂತ. ಎಸ್‌ಡಿಎಂಸಿ (ಸಾಲಿ ಉಸ್ತುವಾರಿ ಸಮಿತಿ) ಅಧ್ಯಕ್ಷರೂ ಒಪ್ಪಿದ್ರು, ಇಬ್ಬರು ಐಟಿಐ ಹುಡುಗರು ಸ್ಕ್ರೂ ಡ್ರೈವರ್ ಹಿಡಕೊಂಡು ಬಂದ್ರು.

ಮೊದಲನೇ ಕ್ಯಾಬಿನೆಟ್ ಬಿಚ್ಚಿದಾಗ ಒಳಗ ಕಂಡಿದ್ದು ಬೂದಿ. ನಮ್ ಊರಾಗ ಮಿಲ್ಲಿನ ಹೊಟ್ಟು ಸುಟ್ಟ ಕರೀ ಬೂದಿ ಮನಿ ಮಾಳಿಗಿ ಮ್ಯಾಲ, ಒಣಗಾಕಿದ ಬಟ್ಟಿ ಮ್ಯಾಲ ಬೀಳ್ತೈತಲ್ರಿ, ಅದೇ ಬೂದಿ ಪ್ರೊಸೆಸರ್ ಫ್ಯಾನಿನ ಎಲಿ ನಡುವ ಕಂಬಳಿ ಹಾಸಿದಂಗ ಕುಂತಿತ್ತು, ಫ್ಯಾನು ತಿರುಗಿದ್ರೂ ಗಾಳಿ ಒಳಗ ಹೋಗಾಕ ಜಾಗ ಇಲ್ಲ. ಇಷ್ಟು ವರ್ಷ ಆ ಮಷಿನ್ ಸ್ಲೋ ಸ್ಲೋ ಅಂತ ಬೈಸಿಕೊಂಡಿದ್ದು ಈ ಕಾರಣಕ್ಕೂ ಹೌದು, ಪ್ರೊಸೆಸರ್ ಕಾದ್ರ ತನ್ನ ವೇಗ ತಾನೇ ಕಡಿಮಿ ಮಾಡಿಕೊಳ್ತೈತಿ. ಬ್ಲೋವರ್ ಹಿಡಿದು ಊದಿದ್ವಿ, ಪ್ರೊಸೆಸರಿನ ಕಾವು ಹೊರಗ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿತ್ತು, ಅದನ್ನ ಒರೆಸಿ ಹೊಸದು ಹಚ್ಚಿದ್ವಿ, ರ‍್ಯಾಮ್ ತೆಗದು ಅದರ ಬಂಗಾರದ ಬಣ್ಣದ ಹಲ್ಲುಗಳನ್ನ ಪೆನ್ಸಿಲ್ ಅಳಿಸೋ ರಬ್ಬರ್‌ಲೇ ತಿಕ್ಕಿ ಮತ್ತ ಕುಂದ್ರಿಸಿದ್ವಿ. ಡೆಡ್ ಅಂತ ಚೀಟಿ ಹಚ್ಚಿದ್ದ ಎರಡು ಮಷಿನ್ ಇಷ್ಟಕ್ಕೇ ಡಿಸ್‌ಪ್ಲೇ ಕೊಟ್ಟುವು.

ಇನ್ನೊಂದು ಮಷಿನ್ ಚಾಲೂ ಆಗ್ತಿತ್ತು, ನೆಟ್ ಕನೆಕ್ಟ್ ಆಗ್ತಿತ್ತು, ಆದ್ರ ಒಂದೂ ವೆಬ್‌ಸೈಟ್ ತೆಗೀತಿರಲಿಲ್ಲ, ಸುರಕ್ಷಿತ ಅಲ್ಲ ಅಂತ ಕೆಂಪು ಬೋರ್ಡ್ ತೋರಿಸ್ತಿತ್ತು. ಮೂಲೆಯಾಗಿನ ಗಡಿಯಾರ ನೋಡಿದ್ರ 2009ನೇ ಇಸವಿ ಜನವರಿ 1. ಮದರ್‌ಬೋರ್ಡಿನಾಗ ರೂಪಾಯಿ ನಾಣ್ಯದಂಥ ಒಂದು ಸೆಲ್ ಇರ್ತೈತಿ, 2032 ನಂಬರಿಂದು, ಅದು ಸತ್ರ ಪ್ರತಿಸಲ ಕರೆಂಟ್ ಹೋದಾಗ ಮಷಿನ್ ತನ್ನ ತಾರೀಖು ಮರೀತೈತಿ, ತಾರೀಖು ಹಿಂದಿದ್ರ ವೆಬ್‌ಸೈಟಿನ ಗುರುತಿನ ಸರ್ಟಿಫಿಕೇಟು ಇನ್ನೂ ಹುಟ್ಟೇ ಇಲ್ಲ ಅಂತ ಬ್ರೌಸರ್ ತಿಳಕೊಂಡು ಬಾಗಿಲು ಹಾಕ್ತೈತಿ. ನಲವತ್ತು ರೂಪಾಯಿ ಸೆಲ್. ಆ ಕಂಪ್ಯೂಟರ್ ಹರಾಜಿನ ಪಟ್ಟಿಯಾಗ ಇಂಟರ್ನೆಟ್ ದೋಷ ಅಂತ ಬರೆಸಿಕೊಂಡು ಕುಂತಿತ್ತು ಸರ್.

ಆಮ್ಯಾಲ ಲಿನಕ್ಸ್ ಹಾಕೋ ಕೆಲಸ. ಲಿನಕ್ಸ್ ಅಂದ್ರ ಏನು ಅಂತ ಕೇಳೋರಿಗೆ ಒಂದೇ ಮಾತು, ವಿಂಡೋಸಿನಂಗ ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್, 1991ರಾಗ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಅನ್ನೋ ವಿದ್ಯಾರ್ಥಿ ಶುರು ಮಾಡಿದ್ದು, ಇವತ್ತು ಜಗತ್ತಿನ ಸಾವಿರಾರು ಮಂದಿ ಕೂಡಿ ಬರೆಯೋದು, ನಿಮ್ಮ ಕೈಯಾಗಿರೋ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಐತಿ. ಲೈಸೆನ್ಸಿಗೆ ರೊಕ್ಕ ಇಲ್ಲ, ಎಷ್ಟು ಮಷಿನಿಗೆ ಬೇಕಾದ್ರೂ ಹಾಕಬಹುದು, ಕಾನೂನು ಪ್ರಕಾರನ. ಅದರಾಗ ಬ್ಯಾರೆ ಬ್ಯಾರೆ ತರಹ ಅದಾವ, ಕೆಲವು ಭಾರ, ಕೆಲವು ಹಗುರ, ಹಳೇ ಮಷಿನಿಗೆ ಹಗುರಂದೇ ಬೇಕು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಅನ್ನೋ ತರಹ ನನಗ ರೂಢಿ, ಅದನ್ನೇ ಎಲ್ಲಾ ಮಷಿನಿಗೂ ಹಾಕಿಬಿಟ್ಟೆ. 4 ಜಿಬಿ ರ‍್ಯಾಮ್ ಇದ್ದ ನಾಕು ಮಷಿನಿನಾಗ ಚೊಲೋ ಓಡಿತು, 2 ಜಿಬಿ ಇದ್ದವು ಮಾತ್ರ ಬ್ರೌಸರ್ ತೆಗೆದ ಕೂಡ್ಲೇ ಏದುಸಿರು ಬಿಡಾಕ ಹತ್ತಿದ್ವು. ಮಿಂಟಿನವರು 2 ಜಿಬಿ ಸಾಕು, 4 ಇದ್ರ ಆರಾಮ ಅಂತ ಹೇಳ್ತಾರ, ಸಾಕು ಅನ್ನೋದಕ್ಕೂ ಆರಾಮ ಅನ್ನೋದಕ್ಕೂ ಎಷ್ಟು ಫರಕ್ ಐತಿ ಅಂತ ಅವತ್ತು ತಿಳೀತು. ಎರಡನೇ ಭಾನುವಾರ ಮತ್ತ ಹೋಗಿ ಆ 2 ಜಿಬಿ ಮಷಿನಿಗೆ ಲುಬುಂಟು ಅನ್ನೋ ಇನ್ನೂ ಹಗುರ ಲಿನಕ್ಸ್ ಹಾಕಿದ್ವಿ, ಒಂದು ಭಾಳ ಹಳೇ 1 ಜಿಬಿ ಮಷಿನಿಗೆ ಆಂಟಿಎಕ್ಸ್ ಹಾಕಿದ್ವಿ, ಅದು 512 ಎಂಬಿ ರ‍್ಯಾಮಿನಾಗೂ ಮೇಲೇಳ್ತೈತಿ. ಆಂಟಿಎಕ್ಸ್ ನೋಡಾಕ ಚಂದ ಇಲ್ಲ, ಮೆನು ಸ್ವಲ್ಪ ಗೊಂದಲ, ಆದ್ರ ಟೈಪಿಂಗ್ ಕಲಿಯೋ ಹುಡುಗನಿಗೆ ಚಂದಕ್ಕಿಂತ ಓಡೋ ಮಷಿನ್ ಮುಖ್ಯ. ಇನ್ನೊಂದು ಗಮನ ಇಡ್ರಿ, ಪ್ರೊಸೆಸರಿನಾಗ 32 ಬಿಟ್ ಹಳೇ ತರಹ, 64 ಬಿಟ್ ಹೊಸ ತರಹ, ಹಳೇ ಕೋರ್ ಟು ಡ್ಯುಯೋದಾಗ 32 ಬಿಟ್ ವಿಂಡೋಸ್ ಇದ್ದ ಮಾತ್ರಕ್ಕ ಮಷಿನ್ನೇ 32 ಬಿಟ್ ಅಂತ ತಿಳಕೊಂಡು ಭಾಳ ಮಂದಿ ಬಿಟ್ಟುಬಿಡ್ತಾರ, ಕೋರ್ ಟು ಡ್ಯುಯೋ ಪ್ರೊಸೆಸರ್ 64 ಬಿಟ್ ಐತಿ, ಧೈರ್ಯವಾಗಿ ಹಾಕ್ರಿ. ಖರೇನ 32 ಬಿಟ್ ಇರೋ ಹಳೇ ಪೆಂಟಿಯಂಗಳಿಗೆ ದಾರಿ ಸಣ್ಣದಾಗಾಕತ್ತೈತಿ, 2025ರ ಆಗಸ್ಟಿನಾಗ ಬಂದ ಡೆಬಿಯನ್ 13 ಅನ್ನೋ ಲಿನಕ್ಸ್ ಅವಕ್ಕ ಇನ್‌ಸ್ಟಾಲರ್ ಕೊಡೋದು ಬಿಟ್ಟೈತಿ, ಡೆಬಿಯನ್ 12ಕ್ಕ 2028ರ ಜೂನ್ ತನಕ ಸೆಕ್ಯುರಿಟಿ ಅಪ್ಡೇಟ್ ಐತಿ, ಅಲ್ಲಿ ತನಕ ಓಡಿಸಬಹುದು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕೊಟ್ಟಿದ್ದು ಹಾರ್ಡ್ ಡಿಸ್ಕಿನ ಬದಲಿಗೆ ಹಾಕೋ ಎಸ್‌ಎಸ್‌ಡಿ. ಹಳೇ ಹಾರ್ಡ್ ಡಿಸ್ಕ್ ಒಳಗ ಒಂದು ತಟ್ಟೆ ತಿರುಗಿ ಓದಬೇಕು, ಎಸ್‌ಎಸ್‌ಡಿಯಾಗ ತಿರುಗೋ ಭಾಗನ ಇಲ್ಲ. ಸಾಲಿಯ ಹಳೇ ವಿದ್ಯಾರ್ಥಿಗಳು ರೊಕ್ಕ ಕೂಡಿಸಿ ಕೊಟ್ರು, ಸೆಕೆಂಡ್ ಹ್ಯಾಂಡ್ 120 ಜಿಬಿದು ತಂದು ಹಾಕಿದ್ವಿ. ಮೊದಲು ಆನ್ ಮಾಡಿ ಹುಡುಗರ ಹಾಜರಿ ಕೂಗಿ ಮುಗಿಸಿದ್ರೂ ತೆರೀದಿದ್ದ ಮಷಿನ್ ಈಗ ಅರ್ಧ ನಿಮಿಷದೊಳಗ ರೆಡಿ. ಮನ್ಯಾಗ ಹಳೇ ಲ್ಯಾಪ್‌ಟಾಪ್ ಇದ್ದೋರು ಲಿನಕ್ಸ್ ಬ್ಯಾಡ ಅಂದ್ರೂ ಚಿಂತಿಲ್ಲ, ಇದೊಂದು ಹಾಕಿಸಿ ನೋಡ್ರಿ.

ಎಲ್ಲರೂ ಕೇಳೋ ಪ್ರಶ್ನೆ, ಅದರಾಗ ಕನ್ನಡ ಬರ್ತೈತೇನ್ರಿ? ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ಇಲ್ಲದೇ ಹೆಂಗ? ನನಗೂ ಮೊದಲು ಇದೇ ಅಂಜಿಕಿ ಇತ್ತು. ಲಿನಕ್ಸಿನಾಗ ಐಬಸ್ ಅಂತ ಒಂದು ವ್ಯವಸ್ಥೆ ಐತಿ, ಅದಕ್ಕ ಎಂ17ಎನ್ ಅನ್ನೋ ಪ್ಯಾಕೇಜ್ ಸೇರಿಸಿದ್ರ ಕನ್ನಡ ಕೆಜಿಪಿ ಅಂತ ಕೀಬೋರ್ಡ್ ಸಿಗ್ತೈತಿ, ಕೆಜಿಪಿ ಅಂದ್ರ ಕನ್ನಡ ಗಣಕ ಪರಿಷತ್ತು, ಅಂದ್ರ ನುಡಿಯಾಗಿರೋ ಅದೇ ಕೀಲಿಮಣೆ. ನುಡಿ ಕಲಿತ ಬೆರಳು ಏನೂ ಬದಲಿಸೋದು ಬ್ಯಾಡ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿನ್ನ ಕುಂದ್ರಿಸಿ ಎ ಒತ್ತವ್ವಾ ಅಂದೆ, ಅ ಬಂತು. ಕೆ ಒತ್ತು, ಎಫ್ ಒತ್ತು, ಮತ್ತ ಕೆ ಒತ್ತು ಅಂದೆ. ಕ ಕೆಳಗ ಕ ಒತ್ತು ಆಗಿ ಕುಂತು ಪರದೆ ಮ್ಯಾಲ ಅಕ್ಕ ಅಂತ ಬಂತು. ಆ ಹುಡುಗಿ ಹಿಂದ ತಿರುಗಿ ತನ್ನ ಗೆಳತ್ಯಾರ ಮುಖ ನೋಡಿದ್ಲು, ಮತ್ತ ಪರದೆ ನೋಡಿದ್ಲು, ಆಮ್ಯಾಲ ನಾನು ಹೇಳದೇನ ತನ್ನ ಊರಿನ ಹೆಸರು ಹುಡುಕಿ ಹುಡುಕಿ ಟೈಪ್ ಮಾಡಾಕ ಹತ್ತಿದ್ಲು, ಬೆಲ್ ಹೊಡದ್ರೂ ಏಳಲಿಲ್ಲ. ಗುಬ್ಬಿ, ನವಿಲು ಅಂತ ಕನ್ನಡದ ಫಾಂಟುಗಳೂ ಅದರಾಗ ಸಿಗ್ತಾವ, ಆ ಹೆಸರು ಕೇಳಿ ಹುಡುಗರಿಗೆ ಭಾಳ ಖುಷಿ ಆತು.

ಒಂದು ತೊಂದರೆ ಐತಿ, ಮುಚ್ಚಿಡೋದಿಲ್ಲ. ಹಳೇ ನುಡಿ, ಬರಹ ಫಾಂಟಿನಾಗ ಟೈಪ್ ಮಾಡಿಟ್ಟ ಫೈಲುಗಳು ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಇರೋ ಅಕ್ಷರ ಸಂಕೇತ) ಅಲ್ಲ, ಅವನ್ನ ಲಿನಕ್ಸಿನಾಗ ತೆಗೆದ್ರ ಚಿತ್ರವಿಚಿತ್ರ ಅಕ್ಷರ ಕಾಣ್ತಾವ. ಆ ಫೈಲುಗಳನ್ನ ಮೊದಲು ಯುನಿಕೋಡಿಗೆ ಬದಲಿಸಿಕೊಂಡು ಆಮ್ಯಾಲ ಮುಂದ ಹೋಗ್ರಿ. ಇದು ಲಿನಕ್ಸ್ ಹಾಕಲಿ ಬಿಡಲಿ ಮಾಡಲೇಬೇಕಾದ ಕೆಲಸ, ಫೋನಿನಾಗೂ ಅವು ಓದಾಕ ಬರಂಗಿಲ್ಲ.

ಮತ್ತ ಯಾರು ಲಿನಕ್ಸಿಗೆ ಬರಬಾರದು ಅಂತಾನೂ ಹೇಳ್ತೀನಿ, ಯಾಕಂದ್ರ ಹುರುಪಿನಾಗ ಎಲ್ಲರಿಗೂ ಹಾಕಿಕೊಟ್ಟು ವಾರದಾಗ ತಿರುಗಿ ವಿಂಡೋಸ್ ಹಾಕಿಸಿಕೊಂಡು ಹೋದವರನ್ನ ನಾನು ನೋಡೀನಿ, ಅಂಥೋರು ಆಮ್ಯಾಲ ಲಿನಕ್ಸ್ ಹೆಸರು ಎತ್ತಿದ್ರೂ ಬೈತಾರ. ಮಿಲ್ಲಿನ ಟ್ಯಾಲಿ ಅದರಾಗ ನೇರವಾಗಿ ಓಡಂಗಿಲ್ಲ. ಬೆರಳಚ್ಚು ತಗೊಳ್ಳೋ ಮಷಿನ್ ಇಟ್ಕೊಂಡು ಆಧಾರ್ ಕೆಲಸ, ಹಣ ಕೊಡೋ ಕೆಲಸ ಮಾಡೋ ಅಂಗಡಿಗಳು ವಿಂಡೋಸ್ ಬಿಡಾಕ ಆಗಂಗಿಲ್ಲ, ಅವರು ಸಪೋರ್ಟ್ ಇರೋ ಮಷಿನ್ನೇ ಇಟ್ಕೋಬೇಕು, ಬ್ಯಾರೆಯವರ ರೊಕ್ಕದ ಜವಾಬ್ದಾರಿ ಐತಿ. ಡಿಜಿಟಲ್ ಸಹಿ ಟೋಕನ್ನುಗಳಾಗ ಕೆಲವಕ್ಕ ಲಿನಕ್ಸ್ ಡ್ರೈವರ್ ಅದಾವ, ಆದ್ರ ದಿನಾ ಬಿಲ್ಲು ಪಾಸ್ ಮಾಡೋ ಗುಮಾಸ್ತರಿಗೆ ಆ ತಲಿನೋವು ಹಚ್ಚಬಾರದು. ಪ್ರಿಂಟರ್ ಒಂದು ಜೂಜು ಇದ್ದಂಗ, ನಮ್ ಕಡೆ ಪ್ರತಿ ಆಫೀಸಿನಾಗೂ ಕಾಣೋ ಒಂದು ಸಣ್ಣ ಲೇಸರ್ ಪ್ರಿಂಟರ್ ಐತಿ, ಅದನ್ನ ಲಿನಕ್ಸಿಗೆ ಹೊಂದಿಸಾಕ ನನಗ ಒಂದು ಪೂರ್ತಿ ದಿನ ಹಿಡೀತು, ಇನ್ನೊಂದು ಕಂಪನಿದು ವಯರ್ ಚುಚ್ಚಿದ ಕೂಡ್ಲೇ ಪ್ರಿಂಟ್ ಕೊಟ್ಟಿತು. ಅದಕ್ಕ ಮೊದಲು ಪೆನ್‌ಡ್ರೈವಿನಿಂದ ಲೈವ್ ಓಡಿಸಿ ನೋಡ್ರಿ. 8 ಜಿಬಿ ಪೆನ್‌ಡ್ರೈವಿಗೆ ರುಫುಸ್ ಅಥವಾ ವೆಂಟಾಯ್ ಸಾಫ್ಟ್‌ವೇರ್‌ಲೇ ಹಾಕಿಕೊಂಡು, ಮಷಿನ್ ಆನ್ ಆಗೋವಾಗ ಎಫ್12 ಅಥವಾ ಎಫ್9 ಒತ್ತಿದ್ರ, ಹಾರ್ಡ್ ಡಿಸ್ಕ್ ಮುಟ್ಟದೇನ ಪೂರಾ ಲಿನಕ್ಸ್ ಓಡ್ತೈತಿ, ಪ್ರಿಂಟರ್ ವೈಫೈ ಸೌಂಡ್ ಎಲ್ಲಾ ಅಲ್ಲೇ ಪರೀಕ್ಷೆ ಮಾಡಬಹುದು, ಇಷ್ಟ ಆಗಲಿಲ್ಲ ಅಂದ್ರ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್, ನಿಮ್ಮ ವಿಂಡೋಸ್ ಇದ್ದಂಗ ಇರ್ತೈತಿ. ಹಾಕೋದು ಖರೆ ಆದ್ರ ಮೊದಲು ಫೋಟೋ, ಕಾಗದಪತ್ರ ಎಲ್ಲಾ ಬ್ಯಾರೆ ಡಿಸ್ಕಿಗೆ ಕಾಪಿ ಮಾಡಿಟ್ಟುಕೊಳ್ರಿ, ಎರಡು ಸಲ ನೋಡ್ರಿ, ಒಬ್ಬರ ಮಗಳ ಮದುವಿ ಫೋಟೋ ಹೋಗಿದ್ದು ನನಗ ಇವತ್ತಿಗೂ ನೆನಪೈತಿ.

ಉಳಿದವರಿಗೆ, ಅಂದ್ರ ಸಾಲಿ, ಲೈಬ್ರರಿ, ಮನ್ಯಾಗ ಓದೋ ಹುಡುಗರು, ಇವರಿಗೆ ಬೇಕಾಗಿದ್ದೆಲ್ಲಾ ಬ್ರೌಸರಿನಾಗೇ ಐತಿ. ಮಾಸ್ತರು ಹುಡುಗರ ದಾಖಲೆ ಇಡೋ ಎಸ್‌ಎಟಿಎಸ್ ಎಂಟ್ರಿ ಮಾಡ್ತಾರ, ರೈತರು ಪಹಣಿ ನೋಡ್ತಾರ, ಅದೆಲ್ಲಾ ಫೈರ್‌ಫಾಕ್ಸಿನಾಗ ಆಗ್ತೈತಿ. ಪತ್ರ ಬರೆಯಾಕ ಲಿಬ್ರೆ ಆಫೀಸ್, ಗಣಿತಕ್ಕ ಜಿಯೋಜೀಬ್ರಾ, ರಾತ್ರಿ ಆಕಾಶ ತೋರಿಸಾಕ ಸ್ಟೆಲೇರಿಯಂ, ಸಣ್ಣ ಹುಡುಗರಿಗೆ ಆಟ ಆಡ್ತಾ ಕಲಿಯೋ ಜಿಕಾಂಪ್ರಿ, ಎಲ್ಲಾ ಪುಕ್ಕಟೆ. ಆದ್ರ ಒಂದು ತಿಳಕೊಳ್ರಿ, ಲಿನಕ್ಸ್ ಹಗುರ ಇದ್ರೂ ಇಂಟರ್ನೆಟ್ ಹಗುರ ಇಲ್ಲ, 2 ಜಿಬಿ ಮಷಿನಿನಾಗ ಯೂಟ್ಯೂಬ್ ಜೊತಿ ಹತ್ತು ಟ್ಯಾಬ್ ತೆಗೆದ್ರ ಯಾವ ಲಿನಕ್ಸೂ ಉಳಸಂಗಿಲ್ಲ, ಎರಡೋ ಮೂರೋ ಟ್ಯಾಬಿನಾಗ ಕೆಲಸ ಮುಗಿಸಬೇಕು. ಪೆನ್‌ಡ್ರೈವ್ ಹಾಕಿದ ಕೂಡ್ಲೇ ಎಲ್ಲಾ ಫೈಲ್ ಶಾರ್ಟ್‌ಕಟ್ ಆಗೋ ವೈರಸ್ಸಿನ ಕಾಟ ಇಲ್ಲ, ಅವು ವಿಂಡೋಸಿಗೆ ಬರೆದ ವೈರಸ್. ಹಂಗಂತ ಲಿನಕ್ಸಿಗೆ ಏನೂ ಆಗಂಗಿಲ್ಲ ಅಂತ ಎದೆ ತಟ್ಟಿಕೊಳ್ಳಬಾರದು, ಅದಕ್ಕೂ ಅಪ್ಡೇಟ್ ಬರ್ತಾವ, ವಾರಕ್ಕೊಂದ್ಸಲ ಹಾಕಲೇಬೇಕು, ಅದಕ್ಕೂ ಮುಗಿಯೋ ತಾರೀಖು ಐತಿ, ಲುಬುಂಟು 24.04ಕ್ಕ 2027ರ ಏಪ್ರಿಲ್ ತನಕ, ಮಿಂಟ್ 22ಕ್ಕ 2029ರ ತನಕ. ಫರಕ್ ಏನಂದ್ರ, ಆ ತಾರೀಖು ಬಂದಾಗ ಮುಂದಿನ ಆವೃತ್ತಿ ಪುಕ್ಕಟೆ ಹಾಕಬಹುದು, 64 ಬಿಟ್ ಮಷಿನ್ ಇದ್ರ ಹೊಸ ಚಿಪ್ ಕೊಂಡು ಬಾ ಅಂತ ಸಾಮಾನ್ಯವಾಗಿ ಅದು ಕೇಳಂಗಿಲ್ಲ. ಸಾಲಿಯಾಗ ಈಗ ಓಡಾಕತ್ತಿರೋ ಎಂಟೂ ಮಷಿನಿನ ಪಕ್ಕ ಗ್ವಾಡಿ ಮ್ಯಾಲ ಆ ತಾರೀಖು ಬರೆದ ಚೀಟಿ ಅಂಟಿಸಿ ಬಂದೀನಿ.

ಕೇರಳದ ಸರ್ಕಾರಿ ಸಾಲಿಗಳು ಹದಿನೈದು ವರ್ಷಕ್ಕೂ ಮ್ಯಾಲ ಇದನ್ನೇ ಮಾಡ್ತಾ ಬಂದಾವ, ಅಲ್ಲಿನ ಕೈಟ್ ಸಂಸ್ಥೆ ಸಾಲಿಗಳಿಗೆ ಅಂತಾನೇ ಲಿನಕ್ಸ್ ತಯಾರ್ ಮಾಡಿ ಕೊಡ್ತೈತಿ, ಲಿಟಲ್ ಕೈಟ್ಸ್ ಅಂತ ಹುಡುಗರದೇ ಕ್ಲಬ್ ಮಾಡಿ ಹಾರ್ಡ್‌ವೇರ್ ಸೈತ ಕಲಿಸ್ತೈತಿ. ಅದು ಅವರಿಂದ ಆಗೋದಾದ್ರ ನಮ್ ಕೊಪ್ಪಳ, ರಾಯಚೂರು, ಬಳ್ಳಾರಿ ಹುಡುಗರಿಂದ ಯಾಕ ಆಗಬಾರದು ಸರ್? ನಮ್ಮಲ್ಲಿ ಐಟಿಐ ಅದಾವ, ಪಾಲಿಟೆಕ್ನಿಕ್ ಅದಾವ, ಕಲಿತು ಕೆಲಸ ಇಲ್ಲದೇ ಬಸ್‌ಸ್ಟ್ಯಾಂಡಿನಾಗ ಕುಂತ ಹುಡುಗರು ಅದಾರ.

ಗುಜರಿಗೆ ಹೋದ ಮಷಿನಿನ ಗತಿ ಏನಾಗ್ತೈತಿ ಅನ್ನೋದೂ ನೋಡೀನಿ. ಕಾಲುವಿ ದಂಡಿಗೆ ವಯರ್ ರಾಶಿ ಹಾಕಿ ಬೆಂಕಿ ಹಚ್ಚಿ ತಾಮ್ರ ಆರಸ್ತಾರ, ಆ ಕರೀ ಹೊಗಿ ಕುಡಿಯೋ ಹುಡುಗರ ವಯಸ್ಸು ಹತ್ತು ಹನ್ನೆರಡು. ಹಳೇ ಡಬ್ಬಿ ಮಾನಿಟರಿನ ಗಾಜಿನಾಗ ಸೀಸ ಇರ್ತೈತಿ, ಒಡೆದು ಅಲ್ಲೇ ಬಿಸಾಡ್ತಾರ, ಅದೇ ಕಾಲುವಿ ನೀರು ಗದ್ದಿಗೆ ಹೋಗ್ತೈತಿ. ಜಗತ್ತಿನಾಗ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಆಗೈತಿ, ಅದರಾಗ ಸರಿಯಾಗಿ ಸಂಗ್ರಹ ಆಗಿದ್ದು ಕಾಲು ಭಾಗಕ್ಕೂ ಕಡಿಮಿ ಅಂತ ವಿಶ್ವಸಂಸ್ಥೆಯ ವರದಿ ಹೇಳ್ತೈತಿ. ನಮ್ ದೇಶದಾಗ 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಜಾರಿಯಾಗೈತಿ, ಇ-ತ್ಯಾಜ್ಯ ನೋಂದಣಿ ಆದೋರ ಕೈಗೇ ಹೋಗಬೇಕು ಅನ್ನೋದು ಅದರ ಉದ್ದೇಶ, ಆದ್ರ ಅದನ್ನ ಹಳ್ಳಿ ಸಾಲಿಗೆ ಹೇಳಿದವರು ಯಾರು?

ಅದಕ್ಕ ನನ್ನ ಬೇಡಿಕಿ ದೊಡ್ಡದಲ್ಲ. ಸರ್ಕಾರಿ ಸಾಲಿ, ಲೈಬ್ರರಿ, ಪಂಚಾಯ್ತಿ ಯಾವುದೇ ಇರಲಿ, ಕಂಪ್ಯೂಟರ್ ಹರಾಜಿನ ಪಟ್ಟಿಗೆ ಬರೆಯೋ ಮುಂಚೆ ತಿಳಿದೋರು ಒಬ್ಬರು ಅದನ್ನ ಬಿಚ್ಚಿ ನೋಡಿ, ಆಗತ್ತೋ ಇಲ್ಲೋ ಅಂತ ಸಹಿ ಹಾಕಿಕೊಡಬೇಕು, ಶಿಕ್ಷಣ ಇಲಾಖೆ ಅಷ್ಟು ನಿಯಮ ಮಾಡ್ಲಿ. ಹತ್ತಿರದ ಐಟಿಐ ಹುಡುಗರಿಗೆ ಅದನ್ನ ಪ್ರಾಜೆಕ್ಟ್ ಅಂತ ಕೊಡ್ಲಿ. ಮತ್ತ ನಿಮ್ಮ ಪತ್ರಿಕೆಗೂ ಒಂದು ವಿನಂತಿ, ಭತ್ತದ ಧಾರಣಿ, ಡ್ಯಾಮಿನ ನೀರಿನ ಮಟ್ಟ ದಿನಾ ಹಾಕ್ತೀರಿ, ಹಂಗೇ ಯಾವ ಸಾಫ್ಟ್‌ವೇರಿಗೆ ಯಾವತ್ತು ಸಪೋರ್ಟ್ ಮುಗೀತೈತಿ ಅಂತ ವರ್ಷಕ್ಕ ಎರಡು ಸಲ ಮೂಲೆಯಾಗಾದ್ರೂ ಒಂದು ಪೆಟ್ಟಿಗಿ ಹಾಕ್ರಿ, ಇಂಗ್ಲಿಷ್ ಬರದೇ ಇರೋರಿಗೆ ಆ ಸುದ್ದಿ ಮುಟ್ಟೋ ಬ್ಯಾರೆ ದಾರಿ ಇಲ್ಲ.

ಹನ್ನೊಂದರಾಗ ಎಂಟು ಮಷಿನ್ ಈಗ ಆ ಸಾಲ್ಯಾಗ ಓಡಾಕತ್ತಾವ. ಉಳಿದ ಮೂರರಾಗ ಎರಡರ ಬಿಡಿಭಾಗ ಈ ಎಂಟಕ್ಕ ಹೋದ್ವು, ಒಂದರ ಪವರ್ ಸಪ್ಲೈ ಸುಟ್ಟೈತಿ, ಹೊಸಪೇಟೆಯಿಂದ ಹಳೇದೊಂದು ತರಿಸೀನಿ, ಬರೋ ಭಾನುವಾರ ಅದನ್ನೂ ಹಾಕಿ ನೋಡ್ತೀವಿ. ಕಲಿಯೋ ಮನಸ್ಸಿದ್ದೋರು ಯಾರಾದ್ರೂ ಬರಬಹುದು, ಸ್ಕ್ರೂ ಡ್ರೈವರ್ ನನ್ನ ಕಡೆ ಐತಿ.

ಇಂತಿ ನಿಮ್ಮ ಓದುಗ,
ಗಂಗಾವತಿ, ಕೊಪ್ಪಳ ಜಿಲ್ಲೆ